ನಮ್ಮ ಮಾರುತಿಗೆ ತಿದಿ ಬೇಕೆ?

ಕಲಾ ವಿಭಾಗದಲ್ಲಿ ಇತಿಹಾಸ ಓದುತ್ತಿರುವ ಹುಡುಗಿಯೊಬ್ಬಳು ಮೋಟಾರು ಇಂಜಿನ್ನಿನ ವಿಷಯ ಬರೆಯಹೊರಟಳೆಂದರೆ ನಗುವವರುಂಟು. ನಗಲಿ. ಸಂಚಿಕೆಗೆ ಏನು ಬರೆಯಲಿ ಎಂದು ಕೇಳಿದಾಗ ನಮ್ಮ ಅಧ್ಯಾಪಕರು, “ನಿನಗೆ ಚೆನ್ನಾಗಿ ಗೊತ್ತಿರುವುದನ್ನು ಬರೆ” ಎಂದರು. ಕಳೆದ ಆರು ತಿಂಗಳಲ್ಲಿ ನಾನು ಮೌರ್ಯರ ಆಡಳಿತಕ್ಕಿಂತ ಹೆಚ್ಚಾಗಿ ಓದಿದ್ದು ಸೂಪರ್‌ಚಾರ್ಜರ್ ಎಂಬ ಯಂತ್ರವನ್ನು ಕುರಿತು. ಪರೀಕ್ಷೆಯಲ್ಲಿ ಅದರ ಮೇಲೆ ಪ್ರಶ್ನೆ ಬಾರದಿರುವುದು ನನ್ನ ದುರದೃಷ್ಟ. ಆದ್ದರಿಂದ ಆ ಓದನ್ನು ಇಲ್ಲಿಯಾದರೂ ಖರ್ಚುಮಾಡುತ್ತೇನೆ.

ಮೊದಲು ನಮ್ಮ ಕಾರಿನ ಪರಿಚಯವಾಗಬೇಕು. ಅದು 2008ರ ಮಾರುತಿ 800. ಬಣ್ಣ ಒಂದು ಕಾಲಕ್ಕೆ ಬಿಳುಪಾಗಿದ್ದಿರಬೇಕು. 2019ರಲ್ಲಿ ಹೊಗೆಸೊಪ್ಪಿಗೆ ಸುಮಾರಾದ ಬೆಲೆ ಸಿಕ್ಕಿದಾಗ, ಎಪ್ಪತ್ತು ಸಾವಿರ ಕೊಟ್ಟು ಅಪ್ಪ ಅದನ್ನು ಎರಡನೆಯ ಕೈಯಲ್ಲಿ ಕೊಂಡರು. ನಮ್ಮ ಊರು ಪಿರಿಯಾಪಟ್ಟಣದಿಂದ ಆಚೆಗೆ. ಬೆಳಗ್ಗೆ ನನ್ನನ್ನೂ ನೆರೆಮನೆಯ ಇಬ್ಬರು ಹುಡುಗಿಯರನ್ನೂ ಹುಣಸೂರಿನ ಕಾಲೇಜಿಗೆ ಮುಟ್ಟಿಸುವುದು ಅದರ ಮೊದಲ ಕೆಲಸ. ಆಮೇಲೆ ಗೊಬ್ಬರದ ಮೂಟೆ, ಪಂಪ್‌ಸೆಟ್ಟಿನ ಮೋಟಾರು, ಹರಾಜಿನ ದಿನ ಕಂಪಲಾಪುರದ ಮಾರುಕಟ್ಟೆಗೆ ಹೋಗುವ ನಾಲ್ಕು ಜನ ರೈತರು, ಇವೆಲ್ಲ ಅದರಲ್ಲೇ. ಅವ್ವನ ತವರು ಹೆಗ್ಗಡದೇವನಕೋಟೆಯ ಕಡೆ. ಅಕ್ಕನನ್ನು ಕೊಟ್ಟಿರುವುದು ಕೃಷ್ಣರಾಜನಗರದ ಹತ್ತಿರ. ತಾಲ್ಲೂಕು ನಾಲ್ಕು, ಕಾರು ಒಂದು. ಭಾನುವಾರವೂ ಅದಕ್ಕೆ ರಜೆಯಿಲ್ಲ. ತಿಂಗಳಿಗೊಮ್ಮೆ ಅಪ್ಪನನ್ನು ಮೈಸೂರಿಗೆ ಡಾಕ್ಟರ ಬಳಿಗೆ ಕರೆದೊಯ್ಯುವುದೂ ಅದೇ.

ಕಾರನ್ನು ಓಡಿಸುವವನು ನಮ್ಮಣ್ಣ. ಎಸ್.ಎಸ್.ಎಲ್.ಸಿ. ಪಾಸಾದ ವರ್ಷ ಬ್ಯಾರನ್ನಿನ ಕೆಲಸಕ್ಕೆ ಕೈ ಸಾಲದೆ ಅವನ ಓದು ನಿಂತಿತು. ನನ್ನದು ನಿಲ್ಲಲಿಲ್ಲ. ಇದರ ಬಗೆಗೆ ನಮ್ಮ ಮನೆಯಲ್ಲಿ ಯಾರೂ ಮಾತನಾಡುವುದಿಲ್ಲ. ಆದರೆ ಮನೆಗೆ ಸರ್ಕಾರದ ಯಾವ ಕಾಗದ ಬಂದರೂ, ಔಷಧಿಯ ಯಾವ ಡಬ್ಬಿ ಬಂದರೂ ಅದು ನೇರವಾಗಿ ನನ್ನ ಕೈಗೆ ಬರುತ್ತದೆ: “ನೀನು ಓದ್ದೋಳು, ನೋಡವ್ವ.”

ಹೀಗಿರುವಲ್ಲಿ ಒಂದು ರಾತ್ರಿ ಊಟವಾದ ಮೇಲೆ ಅಣ್ಣ ತನ್ನ ಫೋನನ್ನು ನನ್ನ ಪುಸ್ತಕದ ಮೇಲೆ ಇಟ್ಟ. ಅದರಲ್ಲಿ ಅಲ್ಯೂಮಿನಿಯಮ್ಮಿನ ಒಂದು ಗಡ್ಡೆಯ ಚಿತ್ರ. ಒಂದು ಬದಿಗೆ ಬೆಲ್ಟಿನ ಗಾಲಿ.

“ಇದೇನಣ್ಣ?”

“ಸೂಪರ್‌ಚಾರ್ಜರ್ ಕಣವ್ವ. ನಮ್ ಗಾಡೀಗೆ ಉಸ್ರು ಸಾಲ್ದು. ಇದೊಂದು ಕೂರ್ಸುದ್ರೆ ಬಿಳಿಕೆರೆ ತಾವ ಲಾರಿ ಹಿಂದೆ ತೆವಳೋದು ತಪ್ತದೆ. ಹುಣ್ಸೂರ್ ಗ್ಯಾರೇಜಿನ ಹುಡುಗ ಎಲ್ಲಾ ಸೇರಿ ಅರವತ್ತು ಸಾವ್ರ ಅಂತಾನೆ. ನೀನೊಂದ್ಸಲ ಓದ್ಬುಟ್ಟು ಹೇಳು. ನೀನು ಹಾಕು ಅಂದ್ರೆ ಹಾಕ್ತೀನಿ, ಬ್ಯಾಡ ಅಂದ್ರೆ ಬುಟ್ಬುಡ್ತೀನಿ.”

ಎಪ್ಪತ್ತು ಸಾವಿರದ ಕಾರಿಗೆ ಅರವತ್ತು ಸಾವಿರದ ಆಭರಣ! ಆ ಅರವತ್ತು ಸಾವಿರ ಎಲ್ಲಿಂದ ಬರಬೇಕೆಂಬುದೂ ನನಗೆ ಗೊತ್ತಿತ್ತು. ನಾನು ಎಂ.ಎ.ಗೆ ಸೇರುವುದಾದರೆ ಇರಲಿ ಎಂದು ಕಳೆದ ಹರಾಜಿನ ಹಣದಲ್ಲಿ ಅವನೇ ಎತ್ತಿಟ್ಟದ್ದು. ಬೇಡವೆಂದರೆ ನನ್ನ ಹಣಕ್ಕಾಗಿ ಬೇಡವೆಂದಂತೆ. ಆಗಲಿ ಎಂದರೆ ಅವನನ್ನು ಮೆಚ್ಚಿಸಲು ಎಂದಂತೆ. ಆದ್ದರಿಂದ ನಿಜವಾಗಿಯೂ ಓದಿಯೇ ಹೇಳಬೇಕಾಯಿತು.

ಓದಿದಾಗ ತಿಳಿದ ಮೊದಲ ಸಂಗತಿಯೆಂದರೆ, ಇದು ನಾವು ಕಾಣದ ವಸ್ತುವೇನೂ ಅಲ್ಲ. ಕುಲುಮೆಯಲ್ಲಿ ತಿದಿ ಒತ್ತುವುದನ್ನು ನೋಡಿದವರೆಲ್ಲರೂ ಸೂಪರ್‌ಚಾರ್ಜರನ್ನು ನೋಡಿದ್ದಾರೆ. ಇದ್ದಲು ಅಷ್ಟೇ ಇದ್ದರೂ ಗಾಳಿ ಹೆಚ್ಚಾದರೆ ಕಾವು ಹೆಚ್ಚು. ಅಮೆರಿಕದ ಇಂಡಿಯಾನಾ ಪ್ರಾಂತ್ಯದ ರೂಟ್ಸ್ ಎಂಬ ಅಣ್ಣತಮ್ಮಂದಿರು 1860ರಲ್ಲಿ ಪೇಟೆಂಟ್ ಪಡೆದ ಗಾಳಿಯಂತ್ರವೂ ಮೊದಲು ಊದಿದ್ದು ಕಬ್ಬಿಣದ ಕುಲುಮೆಗಳಿಗೇ. ಎರಡು ತಿರುಗುಗುಂಡುಗಳು ಒಂದಕ್ಕೊಂದು ತಾಗದೆ ತಿರುಗುತ್ತ, ಒಂದು ಕಡೆಯ ಗಾಳಿಯನ್ನು ಬಾಚಿ ಇನ್ನೊಂದು ಕಡೆಗೆ ತಳ್ಳುತ್ತವೆ. ಮರ್ಸಿಡಿಸ್‌ನವರು 1921ರಲ್ಲಿ ಬರ್ಲಿನ್ನಿನ ಪ್ರದರ್ಶನದಲ್ಲಿ ಇಂಥ ತಿದಿ ಇಟ್ಟ ಕಾರುಗಳನ್ನು ಮಾರಾಟಕ್ಕೆ ತಂದರು. ಎರಡನೆಯ ಮಹಾಯುದ್ಧದ ಸ್ಪಿಟ್‌ಫೈರ್ ವಿಮಾನದ ಮರ್ಲಿನ್ ಇಂಜಿನ್ನಿನಲ್ಲಿಯೂ ಒಂದು ಬಗೆಯ ಸೂಪರ್‌ಚಾರ್ಜರ್ ಇತ್ತು. ಎತ್ತರಕ್ಕೆ ಏರಿದಂತೆ ಗಾಳಿ ತೆಳುವಾಗುವುದರಿಂದ ಇಂಜಿನ್ನಿಗೆ ಗಾಳಿಯನ್ನು ಒತ್ತಿ ಉಣಿಸಬೇಕಾಗುತ್ತಿತ್ತು. ಇದನ್ನು ಓದಿದಾಗ ಅಣ್ಣನ ಮಾತು ಪೂರ್ತಿ ತಪ್ಪಲ್ಲವೆನಿಸಿತು. ನಮ್ಮ ಸೀಮೆಯೂ ಸಮುದ್ರಮಟ್ಟಕ್ಕಿಂತ ಎಂಟುನೂರು ಮೀಟರಿನ ಆಸುಪಾಸು ಎತ್ತರದಲ್ಲಿದೆ. ಇಲ್ಲಿಯ ಗಾಳಿಯ ಒತ್ತಡ ಮಂಗಳೂರಿಗಿಂತ ಸುಮಾರು ನೂರಕ್ಕೆ ಒಂಬತ್ತರಷ್ಟು ಕಡಿಮೆ. ನಮ್ಮ ಮಾರುತಿಗೆ ಕಂಪೆನಿಯವರು ಬರೆದಿರುವುದು 37 ಕುದುರೆಗಳ ಬಲ. ಪಿರಿಯಾಪಟ್ಟಣದಲ್ಲಿ ಮೂರು ಕುದುರೆ ಮೇಯಲು ಹೋಗಿರುತ್ತವೆ ಎಂದಾಯಿತು.

ಇನ್ನು ಲೆಕ್ಕ. ಇದು ಕಲಾ ವಿಭಾಗದವರೂ ಮಾಡಬಹುದಾದ ಲೆಕ್ಕ, ಹೆದರಬೇಕಾಗಿಲ್ಲ. ನಾಲ್ಕು ಸ್ಟ್ರೋಕಿನ ಇಂಜಿನ್ನು ಎರಡು ಸುತ್ತಿಗೊಮ್ಮೆ ಪೂರ್ತಿ ಉಸಿರೆಳೆಯುತ್ತದೆ. ನಮ್ಮದು 796 ಸಿ.ಸಿ.; ಎಂದರೆ ಸುತ್ತಿಗೆ ಹೆಚ್ಚೆಂದರೆ 398. ಅಣ್ಣ ತೋರಿಸಿದ ಬ್ಲೋವರು ಜಪಾನಿನ ಐಸಿನ್ ಕಂಪೆನಿಯ ಎ.ಎಂ.ಆರ್. 500 ಎಂಬ ಮಾದರಿಯದು. ಸುತ್ತಿಗೆ 500 ಸಿ.ಸಿ. ತಳ್ಳುತ್ತದೆ. ಎರಡನ್ನೂ ಸಮವೇಗದಲ್ಲಿ ತಿರುಗಿಸಿದರೆ ಗಾಳಿ ಕಾಲುಪಾಲು ಹೆಚ್ಚು. ಕಾಗದದ ಮೇಲೆ ಎಂಟೊಂಬತ್ತು ಕುದುರೆಗಳು ಹೊಸದಾಗಿ ಲಾಯಕ್ಕೆ ಬಂದವು. ಈ ಲೆಕ್ಕ ತೋರಿಸಿದ ದಿನ ಅಣ್ಣನ ಮುಖ ನೋಡಬೇಕಿತ್ತು.

ಆದರೆ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ತಿದಿಯನ್ನು ಒತ್ತುವವರು ಯಾರು? ಇಂಜಿನ್ನೇ. ಬೆಲ್ಟಿನ ಮೂಲಕ ತನ್ನ ಬಲದಲ್ಲೇ ಒಂದಷ್ಟನ್ನು ಅದಕ್ಕೆ ಕೂಲಿ ಕೊಡಬೇಕು. ಎರಡನೆಯದಾಗಿ, ಒತ್ತಿದ ಗಾಳಿ ಬಿಸಿಯಾಗುತ್ತದೆ. ಸೈಕಲ್ಲಿಗೆ ಪಂಪು ಹೊಡೆದವರಿಗೆ ಪಂಪಿನ ಬುಡ ಸುಡುವುದು ಗೊತ್ತು. ಈ ಕಾಲುಪಾಲು ಒತ್ತಡಕ್ಕೆ ಶುದ್ಧ ಶಾಸ್ತ್ರದ ಲೆಕ್ಕದಲ್ಲೇ ಸುಮಾರು 20 ಡಿಗ್ರಿ ಏರುತ್ತದೆ. ರೂಟ್ಸ್ ಬಗೆಯ ಯಂತ್ರದಲ್ಲಿ ಇನ್ನೂ ಹೆಚ್ಚು. ಬಿಸಿಗಾಳಿಯೂ ಪೆಟ್ರೋಲೂ ಸೇರಿ ಸಿಲಿಂಡರಿನಲ್ಲಿ ಮತ್ತೆ ಒತ್ತಲ್ಪಟ್ಟಾಗ ಕಿಡಿಯ ಬೆಂಕಿ ಹರಡುವುದಕ್ಕೆ ಮೊದಲೇ ಉಳಿದ ಭಾಗ ತಾನೇ ಸಿಡಿಯಬಹುದು. ಇದನ್ನೇ ನಾಕಿಂಗ್ ಎನ್ನುವುದು. ಪಿಸ್ಟನ್ನಿನ ತಲೆ ತೂತಾಗುವುದಕ್ಕೆ ಇಂಥ ಸಿಡಿತ ಸ್ವಲ್ಪ ಹೊತ್ತು ನಡೆದರೆ ಸಾಕು. ಮೂರನೆಯದು, ಗಾಳಿ ಹೆಚ್ಚಾದರೆ ಪೆಟ್ರೋಲೂ ಅದಕ್ಕೆ ತಕ್ಕಂತೆ ಹೆಚ್ಚಬೇಕು. ಎಷ್ಟು ಪೆಟ್ರೋಲು ಸುರಿಯಬೇಕೆಂದು ನಿರ್ಧರಿಸುವ ಪುಟ್ಟ ಕಂಪ್ಯೂಟರಿಗೆ ಕಂಪೆನಿಯವರು ಕಲಿಸಿರುವ ಪಾಠ ಹೊರಗಿನ ಗಾಳಿಯ ಒತ್ತಡದವರೆಗೆ ಮಾತ್ರ. ಅದರಾಚೆಗಿನ ಪ್ರಶ್ನೆ ಬಂದರೆ ನಮ್ಮಂತೆಯೇ ಅದೂ ಬಾಯಿಪಾಠದ ಉತ್ತರವನ್ನೇ ಬರೆಯುತ್ತದೆ.

ಅಣ್ಣ ಸುಮ್ಮನಾಗಲಿಲ್ಲ. ಅವನೂ ಓದಿಕೊಂಡಿದ್ದ. “ಜಪಾನ್ನಾಗೆ ಸುಜುಕಿಯೋರೇ 543 ಸಿ.ಸಿ.ನಲ್ಲಿ 64 ಕುದುರೆ ತೆಗ್ದವ್ರೆ. ನಮ್ದು 796. ಆಗಲ್ಲ ಅಂತೀಯಲ್ಲ?” ಎಂದ. ಮಾತು ನಿಜ. 1987ರಲ್ಲಿ ಬಂದ ಆಲ್ಟೊ ವರ್ಕ್ಸ್ ಎಂಬ ಕಾರು ಅದು. ಅದಕ್ಕಿದ್ದದ್ದು ಬೆಲ್ಟಿನ ತಿದಿಯಲ್ಲ, ಹೊಗೆಯ ರಭಸದಿಂದ ತಿರುಗುವ ಟರ್ಬೊ. ಅದರ ಇಂಜಿನ್ನು ನಮ್ಮ ಮಾರುತಿಯ ಇಂಜಿನ್ನಿಗೆ ದಾಯಾದಿ. ನಾನು ಎರಡು ದಿನ ಉತ್ತರ ಹುಡುಕಿದೆ. ಅವರು ಇದ್ದ ಇಂಜಿನ್ನಿಗೆ ಟರ್ಬೊ ಸಿಕ್ಕಿಸಿ ಕೈತೊಳೆದುಕೊಳ್ಳಲಿಲ್ಲ. ನಮ್ಮದಕ್ಕೆ ಆರು ಕವಾಟಗಳಾದರೆ ಅದಕ್ಕೆ ಹನ್ನೆರಡು. ಒತ್ತಿದ ಗಾಳಿಯನ್ನು ತಂಪುಮಾಡಲು ಬೇರೊಂದು ರೇಡಿಯೇಟರು, ಪೆಟ್ರೋಲಿಗೆ ಬೇರೆ ವ್ಯವಸ್ಥೆ. ಕುಸ್ತಿಗೆ ಇಳಿಸಬೇಕೆಂದೇ ಸಾಕಿದ ಹುಡುಗನಿಗೆ ಹಾಲು ತುಪ್ಪ ಹಾಕುವುದು ಬೇರೆ. ಹದಿನೇಳು ವರ್ಷ ಮೂಟೆ ಹೊತ್ತವನಿಗೆ ಒಂದೇ ದಿನ ಎರಡು ಸೇರು ತುಪ್ಪ ಕುಡಿಸಿ ಕಣಕ್ಕೆ ತಳ್ಳುವುದು ಬೇರೆ.

ಹುಣಸೂರಿನ ಆ ಗ್ಯಾರೇಜಿಗೂ ಒಂದು ಶನಿವಾರ ಹೋದೆವು. ಬ್ಲೋವರಿನ ಆಸೆ ಹುಟ್ಟಿಸಿದ ಹುಡುಗ ಉತ್ಸಾಹದಿಂದ ಬಾನೆಟ್ಟು ಎತ್ತಿ ಎಲ್ಲಿ ಕೂರಿಸಬಹುದೆಂದು ತೋರಿಸಿದ. ಅಲ್ಲಿಯ ಹಿರಿಯ ಮೆಕ್ಯಾನಿಕ್ಕು ಮಾತನಾಡದೆ ಪ್ಲಗ್ಗುಗಳನ್ನು ಬಿಚ್ಚಿ, ಒಂದೊಂದು ಸಿಲಿಂಡರಿಗೂ ಒತ್ತಡದ ಗಡಿಯಾರ ಹಾಕಿ ಇಂಜಿನ್ನು ತಿರುಗಿಸಿದರು. ಎರಡರಲ್ಲಿ ಮುಳ್ಳು ಏರಿತು. ಮೂರನೆಯದರಲ್ಲಿ ಅರ್ಧದಾರಿಯಲ್ಲೇ ನಿಂತಿತು. ಅವರು ಗಡಿಯಾರವನ್ನು ಅಣ್ಣನ ಕೈಗೆ ಕೊಟ್ಟು, “ಇರೋ ಗಾಳೀನೇ ಸೋರ್ತಾ ಅದೆ. ಇನ್ನಷ್ಟು ತುಂಬ್ತೀನಿ ಅಂತೀಯಲ್ಲಪ್ಪ” ಎಂದರು. ನನ್ನ ಎರಡು ವಾರದ ಓದು ಅವರ ಎರಡು ನಿಮಿಷದ ಕೆಲಸಕ್ಕೆ ಸಮನಾಗಿರಲಿಲ್ಲ ಎಂದು ಇಲ್ಲಿ ಒಪ್ಪಿಕೊಳ್ಳಬೇಕು.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿಯಂತೆ, ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗೆ ಬೇರೆಯಾಗುವ ಹಾಗೆ ವಾಹನವನ್ನು ಮಾರ್ಪಡಿಸಕೂಡದು. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನು ಗಟ್ಟಿಯಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ ಎಂದಿದೆ. ನಮ್ಮ ಕಾರಿನ ಹದಿನೈದು ವರ್ಷ 2023ಕ್ಕೆ ತುಂಬಿ, ಶುಲ್ಕವೇ 5,000 ಕಟ್ಟಿ ಐದು ವರ್ಷಕ್ಕೆ ನೋಂದಣಿ ಮುಂದುವರಿಸಿಕೊಂಡು ಬಂದಿದ್ದೇವೆ. 2028ಕ್ಕೆ ಮತ್ತೆ ಇನ್ಸ್‌ಪೆಕ್ಟರರ ಮುಂದೆ ನಿಲ್ಲಿಸಬೇಕು. ಆಗ ಬಾನೆಟ್ಟಿನಲ್ಲಿ ತಿದಿ ಕಂಡರೆ?

ಇಷ್ಟೆಲ್ಲ ಹೇಳಿದರೂ ಅಣ್ಣ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ರಾತ್ರಿ ಮತ್ತೆ ಆ ಚಿತ್ರವನ್ನೇ ನೋಡುತ್ತ ಕೂತಿದ್ದ. ಅವನು ಶೋಕಿಗಾರನಲ್ಲ. ಕಾರಿಗೆ ಒಂದು ಸ್ಟಿಕ್ಕರು ಕೂಡ ಅಂಟಿಸಿದವನಲ್ಲ. ಇವನಿಗೇಕೆ ಈ ಹಟ ಎಂದು ಯೋಚಿಸುತ್ತ, ನನಗೆ ಮೊದಲೇ ಗೊತ್ತಿದ್ದ ಉತ್ತರವನ್ನು ನಾನು ದೂರ ಇಟ್ಟಿದ್ದೆನೆಂಬುದು ಅರಿವಾಯಿತು.

2024ರ ಆಗಸ್ಟ್ ತಿಂಗಳು. ಬ್ಯಾರನ್ನಿನಲ್ಲಿ ಮೂರನೆಯ ದಿನದ ಸೊಪ್ಪು. ಹೊಗೆಸೊಪ್ಪು ಬೇಯಿಸುವ ಮನೆಯವರಿಗೆ ಇದರ ಅರ್ಥ ವಿವರಿಸಬೇಕಾಗಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಹಳದಿಗೆ ತಿರುಗಿದ ಎಲೆಯ ಬಣ್ಣ ನಿಲ್ಲುವ ಹೊತ್ತು ಅದು. ಕಾವು ಇಳಿದರೂ ಕೆಟ್ಟಿತು, ಒಮ್ಮೆಲೇ ಏರಿದರೂ ಕೆಟ್ಟಿತು. ರಾತ್ರಿಯೆಲ್ಲ ಒಬ್ಬರು ಒಲೆಯ ಬಾಯಿಯ ಬಳಿ ಇರಲೇಬೇಕು. ಒಂಬತ್ತು ಗಂಟೆಯ ಹೊತ್ತಿಗೆ ಅಪ್ಪ ಒಳಗೆ ಬಂದು, “ಬಲಗೈ ಯಾಕೋ ಜೋಮು ಹಿಡ್ದಂಗದೆ” ಎಂದರು. ಅವ್ವ ಎಣ್ಣೆ ಕಾಯಿಸಿ ತಿಕ್ಕಿದರು. ಅಣ್ಣ, “ಆಸ್ಪತ್ರೇಗೆ ಹೋಗಾನ?” ಎಂದು ಕೇಳಿದ. ಕೇಳಿದ್ದು ಅಪ್ಪನನ್ನಲ್ಲ, ನನ್ನನ್ನು. ನನಗೆ ಮಾರನೆಯ ದಿನ ಕಿರುಪರೀಕ್ಷೆ. ಪುಸ್ತಕದಿಂದ ತಲೆಯೆತ್ತದೆ, “ಸೌದೆ ಎತ್ತಿ ಎತ್ತಿ ಹಾಗಾಗಿರತ್ತೆ, ಮಲಗಿ ಎದ್ದರೆ ಸರಿಹೋಗತ್ತೆ” ಎಂದೆ. ಓದಿದವಳು ಹೇಳಿದಳು, ಎಲ್ಲರೂ ಒಪ್ಪಿದರು. ಅಣ್ಣ ಬೆಂಕಿಯ ಬಳಿಗೆ ಹೋದ.

ಎರಡು ಗಂಟೆಗೆ ಅಪ್ಪನ ಮಾತು ತೊದಲಿತು. ಆಗ ಹೊರಟೆವು. ಮೈಸೂರಿಗೆ ಸುಮಾರು ಎಪ್ಪತ್ತೈದು ಕಿಲೋಮೀಟರು. ಕಾರಿನಲ್ಲಿ ಐದು ಜನ. ಹುಣಸೂರು ದಾಟಿದ ಮೇಲೆ ಮರದ ದಿಮ್ಮಿ ಹೊತ್ತ ಲಾರಿಯೊಂದು ಎದುರಾಯಿತು. ಅಣ್ಣ ಬಲಕ್ಕೆ ತಿರುಗಿಸುವನು, ಕಾರು ಏದುಸಿರು ಬಿಡುವುದು, ಎದುರಿಂದ ದೀಪ ಬರುವುದು, ಮತ್ತೆ ಹಿಂದಕ್ಕೆ ಬರುವನು. ಮೂರು ಸಲ ಹೀಗಾಯಿತು. ಮೂರನೆಯ ಸಲ ಅವನು ಸ್ಟಿಯರಿಂಗಿಗೆ ಮುಷ್ಟಿಯಿಂದ ಗುದ್ದಿದ. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, “ಎಷ್ಟು ಗಂಟೆಗೆ ಶುರುವಾಯಿತು?” ಮಿದುಳಿನ ರಕ್ತನಾಳದಲ್ಲಿ ಕಟ್ಟಿದ ಗಡ್ಡೆಯನ್ನು ಕರಗಿಸುವ ಔಷಧವನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು ಎಂಬುದು ನನಗೆ ಆಗ ತಿಳಿಯಿತು. ಒಂಬತ್ತಕ್ಕೆ ನಾಲ್ಕೂವರೆ ಸೇರಿಸುವುದಕ್ಕೆ ಗಣಿತ ಬೇಕಾಗಿಲ್ಲ. ನಾವು ಮನೆ ಬಿಡುವುದಕ್ಕೆ ಅರ್ಧ ಗಂಟೆ ಮೊದಲೇ ಆ ಬಾಗಿಲು ಮುಚ್ಚಿತ್ತು.

ಅಪ್ಪ ಬದುಕಿದರು. ಮಾತು ಬಂದಿದೆ. ಬಲಗೈಗೆ ಮಾತ್ರ ಹಿಡಿತವಿಲ್ಲ. ಎಡಗೈಯಲ್ಲಿ ಉಣ್ಣುವುದನ್ನು ಅಭ್ಯಾಸ ಮಾಡಿಕೊಂಡಿದ್ದಾರೆ. ಆ ಸಲದ ಬ್ಯಾರನ್ನಿನ ಸೊಪ್ಪು ಹೋಯಿತು, ಅದಿರಲಿ.

ಅಣ್ಣನ ಪಾಲಿಗೆ ಆ ರಾತ್ರಿಯೆಂದರೆ ಲಾರಿಯ ಹಿಂಬದಿ. ಕಾರಿಗೆ ಉಸಿರಿದ್ದಿದ್ದರೆ ಅಪ್ಪನ ಕೈ ಉಳಿಯುತ್ತಿತ್ತು ಎಂದು ಅವನ ಮನಸ್ಸು ಗಂಟುಹಾಕಿಕೊಂಡಿದೆ ಎಂದು ನಾನು ತಿಳಿದೆ. ಹೀಗೆ ತಿಳಿದ ಮೇಲೆ ಪಿಸ್ಟನ್ನು, ಕವಾಟ, 52ನೆಯ ವಿಧಿ ಇವುಗಳ ಮಾತಾಡಿ ಏನು ಫಲ?

ಕಳೆದ ತಿಂಗಳು ಅಪ್ಪನ ತಪಾಸಣೆಗೆ ಹೋಗುವಾಗ ಕೈಗಡಿಯಾರ ಹಿಡಿದು ಮುಂದಿನ ಸೀಟಿನಲ್ಲಿ ಕುಳಿತೆ. ಕಾರಿಗೆ ದಾಟಲಾಗದೆ ಬೇರೆ ವಾಹನದ ಹಿಂದೆ ಉಳಿದ ಹೊತ್ತನ್ನೆಲ್ಲ ನೋಟುಬುಕ್ಕಿನಲ್ಲಿ ಗುರುತು ಹಾಕಿದೆ. ಊರಿನಿಂದ ಮೈಸೂರಿನವರೆಗೆ ಒಂಬತ್ತು ಸಲ; ಎಲ್ಲ ಕೂಡಿ ಆರು ನಿಮಿಷ, ಚಿಲ್ಲರೆ ಸೆಕೆಂಡುಗಳು. ಹೊಸ ಕುದುರೆಗಳೆಲ್ಲ ಬಂದು ಒಂದು ಸಲವೂ ನಿಲ್ಲದೆ ಹೋದರೂ ಉಳಿಯುವುದು ಅಷ್ಟೆ.

ಅಪ್ಪನನ್ನು ಒಳಗೆ ಕರೆದಿದ್ದರು. ಅವ್ವ ಜೊತೆಗೆ ಹೋಗಿದ್ದರು. ನಾವಿಬ್ಬರೂ ಕಾರಿನಲ್ಲೇ ಕುಳಿತಿದ್ದೆವು. ನೋಟುಬುಕ್ಕು ತೋರಿಸಿದೆ. ಅವನು ನೋಡಿದ. ನಾನು, “ಅಣ್ಣ, ಆವತ್ತು ಹೊತ್ತು ಹೋದದ್ದು ರಸ್ತೇಲಿ ಅಲ್ಲ. ಐದು ಗಂಟೆ ಮನೇಲೇ ಹೋಯ್ತು. ಮಲಗಿ ಎದ್ದರೆ ಸರಿಹೋಗತ್ತೆ ಅಂದವಳು ನಾನು” ಎಂದೆ. ಈ ವಾಕ್ಯವನ್ನು ಒಂದೂವರೆ ವರ್ಷದಿಂದ ಯಾರ ಮುಂದೆಯೂ ಹೇಳಿರಲಿಲ್ಲ.

ಅಣ್ಣ ಬಹಳ ಹೊತ್ತು ಎದುರಿನ ಗೋಡೆ ನೋಡುತ್ತಿದ್ದ. ಆಮೇಲೆ, “ಗೊತ್ತು ಕಣವ್ವ. ನಾನೂ ಅಲ್ಲೇ ಇದ್ನಲ್ಲ” ಎಂದ. ಸ್ವಲ್ಪ ತಡೆದು, “ನೀನು ಹೇಳ್ದಾಗ ನಂಗೆ ಒಳಗೇ ಖುಷಿ ಆಯ್ತು. ಬ್ಯಾರನ್ ಬುಟ್ಟು ಹೋಗೋದು ತಪ್ತು ಅಂತ” ಎಂದ.

ಅವ್ವ ಅಪ್ಪನ ತೋಳು ಹಿಡಿದು ಬರುತ್ತಿರುವುದು ಕಾಣಿಸಿತು. ಅವನು ಇಳಿದು ಬಾಗಿಲು ತೆಗೆದ.

ಬ್ಲೋವರು ಹಾಕಿಸಲಿಲ್ಲ. ಹಿರಿಯ ಮೆಕ್ಯಾನಿಕ್ಕಿನ ಕೈಯಲ್ಲಿ ಪಿಸ್ಟನ್ನಿನ ರಿಂಗು, ಟೈಮಿಂಗ್ ಬೆಲ್ಟು, ಕ್ಲಚ್ಚಿನ ಪ್ಲೇಟು ಹೊಸದಾದವು. ನಾಲ್ಕು ಟೈರುಗಳೂ ಬಂದವು. ಇಪ್ಪತ್ತೆಂಟು ಸಾವಿರ ಆಯಿತು. ಅದರ ಜೊತೆಗೆ ರಕ್ತದೊತ್ತಡ ನೋಡುವ ಯಂತ್ರವೊಂದನ್ನು ತಂದು ಗೋಡೆಯ ಗೂಡಿನಲ್ಲಿ ಇಟ್ಟಿದ್ದೇನೆ. ಬೆಳಗ್ಗೆ ಅಪ್ಪ ಎಡಗೈಯನ್ನು ಚಾಚುತ್ತಾರೆ. ಅಂಕೆಯನ್ನು ನಾನು ಬರೆದಿಡುತ್ತೇನೆ. ನಾನು ಕಾಲೇಜಿಗೆ ಬೇಗ ಹೊರಡಬೇಕಾದ ದಿನ ಅಣ್ಣ ಬರೆಯುತ್ತಾನೆ. ಅವನ ಅಕ್ಷರ ನನ್ನದಕ್ಕಿಂತ ದುಂಡಗಿದೆ.

ಮೂರು ಸಿಲಿಂಡರಿನಲ್ಲೂ ಈಗ ಮುಳ್ಳು ಒಂದೇ ಮಟ್ಟಕ್ಕೆ ಏರುತ್ತದೆಯಂತೆ. ಕಾರು ಮೊದಲಿಗಿಂತ ಚುರುಕಾಗಿದೆ ಎಂದು ಅಣ್ಣ ಹೇಳುತ್ತಾನೆ. ಲಾರಿಯ ಹಿಂದೆ ಈಗಲೂ ನಿಲ್ಲುತ್ತೇವೆ. ಆ ಅಲ್ಯೂಮಿನಿಯಮ್ಮಿನ ಗಡ್ಡೆಯ ಚಿತ್ರ ಅವನ ಫೋನಿನಲ್ಲಿ ಇನ್ನೂ ಇದೆ. ಅಳಿಸೆಂದು ನಾನು ಹೇಳಿಲ್ಲ.